ಕಡಿಮೆ ಬೆಲೆಯ ಎಲೆಕ್ಟ್ರಿಕ್ ಗಿಟಾರ್: ಶ್ರುತಿ ನಿಲ್ಲುತ್ತಿಲ್ಲ, ಗುಂಯ್ ಅನ್ನುವ ಸದ್ದು ಬೇರೆ. ಪಿಕಪ್ ಬದಲಿಸಬೇಕಾ?

ಸಾಗರದ_ತಂತಿ:
ಎಲ್ಲರಿಗೂ ನಮಸ್ಕಾರ. ಎರಡು ತಿಂಗಳ ಹಿಂದೆ 4,200 ರೂಪಾಯಿಗೆ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರ್ ತಗೊಂಡೆ. ಸ್ಟ್ರಾಟ್ (ಫೆಂಡರ್ ಸ್ಟ್ರಾಟೋಕಾಸ್ಟರ್) ಆಕಾರ, ಮೂರು ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನ ಹಿಡಿಯುವ, ಒಂದೇ ಸುರುಳಿಯ ಭಾಗ), ಟ್ರೆಮೊಲೊ ಬ್ರಿಡ್ಜ್ (ಬಾಡಿಯ ಮೇಲೆ ತಂತಿಗಳು ಕೂರುವ, ಸ್ಪ್ರಿಂಗ್ ಬಲದಲ್ಲಿ ಅಲುಗಾಡುವ ಭಾಗ). ಅದರ ಮೇಲಿರುವ ಹೆಸರನ್ನು ಬೇರೆ ಎಲ್ಲೂ ಕೇಳಿಲ್ಲ. ಆದರೆ ಕೈಗೆತ್ತಿಕೊಂಡ ದಿನವೇ ಇಷ್ಟವಾಯಿತು, ನೆಕ್ ಕೈಗೆ ಅಷ್ಟು ಚೆನ್ನಾಗಿ ಕೂರುತ್ತದೆ.

ತೊಂದರೆ ಮೂರು. ಜಿ ತಂತಿಯನ್ನು ಒಂದು ಸಲ ಬೆಂಡ್ ಮಾಡಿದರೆ (ಒತ್ತಿ ಪಕ್ಕಕ್ಕೆ ಎಳೆದರೆ) ಸಾಕು, ಶ್ರುತಿ ಇಳಿದುಬಿಡುತ್ತದೆ. ಎಫ್ ಕಾರ್ಡ್ (ನೆಕ್ ತುದಿಯಲ್ಲಿ ಒಂದೇ ಬೆರಳಿನಿಂದ ಹಲವು ತಂತಿ ಒತ್ತುವ ಸ್ವರಗುಚ್ಛ) ಹಿಡಿಯುವಷ್ಟರಲ್ಲಿ ಬೆರಳು ನೋಯುತ್ತದೆ, ಹಿಡಿದರೂ ಅಪಶ್ರುತಿ. ಆಂಪ್‌ಗೆ (ಆಂಪ್ಲಿಫೈಯರ್) ಹಾಕಿದರೆ ಗುಂಯ್ ಅನ್ನುತ್ತದೆ. ಹೊಸ ಟ್ಯೂನರ್ (ತಂತಿ ಬಿಗಿಮಾಡುವ ಕೀ), ಹೊಸ ಪಿಕಪ್ ಹಾಕಲು 5,000 ರೂಪಾಯಿ ಎತ್ತಿಟ್ಟಿದ್ದೇನೆ. ಮೊದಲು ಯಾವುದು ತಗೊಳ್ಳಲಿ?

ಹಳೇ_ಫ್ರೆಟ್:
ಈಗಲೇ ಎರಡನ್ನೂ ತಗೋಬೇಡಿ. ನೀವು ಹೇಳಿದ ಮೊದಲ ಎರಡು ತೊಂದರೆಗೂ ಕಾರಣ ಒಂದೇ ಇರಬಹುದು. ನಟ್. ತಂತಿಗಳು ತಲೆಯ ಕಡೆ ಹೋಗುವಾಗ ಕೂರುತ್ತವಲ್ಲ, ಆ ಸಣ್ಣ ಬಿಳಿ ಪಟ್ಟಿ.

ಜಿ ತಂತಿಯನ್ನು ನಿಧಾನವಾಗಿ ಏರಿಸಿ ನೋಡಿ. ಕೀ ತಿರುಗಿಸಿದರೂ ಶ್ರುತಿ ಏರದೆ, ಆಮೇಲೆ ಒಮ್ಮೆಗೇ ‘ಟಿಕ್’ ಅಂತ ಜಿಗಿಯುತ್ತದಾ? ಹಾಗಾದರೆ ತಂತಿ ನಟ್‌ನ ಗಾಡಿಯಲ್ಲಿ (ತಂತಿ ಕೂರುವ ಸಣ್ಣ ಸೀಳಿನಲ್ಲಿ) ಸಿಕ್ಕಿಕೊಳ್ಳುತ್ತಿದೆ. ಬೆಂಡ್ ಮಾಡಿದಾಗ ಸ್ವಲ್ಪ ತಂತಿ ನಟ್ ದಾಟಿ ಈಚೆ ಬರುತ್ತದೆ, ಬಿಟ್ಟಾಗ ವಾಪಸ್ ಹೋಗುವುದಿಲ್ಲ. ಶ್ರುತಿ ಇಳಿಯುವುದು ಅದಕ್ಕೇ. ಎಷ್ಟೇ ದುಬಾರಿ ಟ್ಯೂನರ್ ಹಾಕಿದರೂ ಇದು ಸರಿಹೋಗುವುದಿಲ್ಲ.

ಇನ್ನು ಎಫ್ ಕಾರ್ಡ್. ಪ್ರತಿ ತಂತಿಯನ್ನೂ ಮೂರನೇ ಫ್ರೆಟ್ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಜಾಗದಲ್ಲಿ ಒತ್ತಿ ಹಿಡಿದು, ಮೊದಲನೇ ಫ್ರೆಟ್ ಮೇಲೆ ಎಷ್ಟು ಸಂದು ಇದೆ ನೋಡಿ. ಒಂದು ಕಾಗದ ಹೋಗುವಷ್ಟು ಇದ್ದರೆ ಸಾಕು. ಜಾಸ್ತಿ ಇದ್ದರೆ ಗಾಡಿ ಮೇಲಾಗಿದೆ ಅಂತ ಅರ್ಥ. ಆಗ ಒಂದನೇ ಫ್ರೆಟ್‌ನಲ್ಲಿ ತಂತಿಯನ್ನು ತುಂಬಾ ಕೆಳಗೆ ಒತ್ತಬೇಕಾಗುತ್ತದೆ. ಅಷ್ಟು ಎಳೆದರೆ ಶ್ರುತಿಯೂ ಏರುತ್ತದೆ, ಬೆರಳೂ ನೋಯುತ್ತದೆ. ಎಷ್ಟೋ ಹೊಸಬರು ಇದನ್ನು ತಮ್ಮ ಕೈಯ ತಪ್ಪು ಅಂದುಕೊಂಡು ಗಿಟಾರ್ ಬಿಟ್ಟೇಬಿಡುತ್ತಾರೆ. ನನಗೆ ತುಂಬಾ ಬೇಸರ ತರುವ ವಿಷಯ ಇದು.

ಮಾಡುವ ಕ್ರಮ ಹೇಳುತ್ತೇನೆ. ಮೊದಲು ಹೊಸ ತಂತಿ ಹಾಕಿ, 9–42 ಸೆಟ್ (ತಂತಿಯ ದಪ್ಪ, ಇಂಚಿನ ಸಾವಿರದ ಭಾಗದಲ್ಲಿ) ಸಾಕು. ಕೀ ಮೇಲೆ ಎರಡು ಮೂರು ಸುತ್ತು ಇರಲಿ, ಒಂದರ ಮೇಲೊಂದು ಬೀಳದ ಹಾಗೆ. ಹಾಕಿದ ಮೇಲೆ ಕೈಯಿಂದ ಮೆಲ್ಲಗೆ ಎಳೆದು, ಮತ್ತೆ ಶ್ರುತಿ ಮಾಡಿ. ನಾಲ್ಕೈದು ಸಲ ಹೀಗೆ ಮಾಡಿದರೆ ತಂತಿ ನಿಲ್ಲುತ್ತದೆ.

ನೆಕ್ ನೋಡದೆ ನಟ್ ಮುಟ್ಟಬೇಡಿ. ಆರನೇ (ಅತಿ ದಪ್ಪ) ತಂತಿಯನ್ನು ಮೊದಲನೇ ಫ್ರೆಟ್‌ನಲ್ಲಿ ಮತ್ತು ನೆಕ್ ಬಾಡಿಗೆ ಸೇರುವಲ್ಲಿ ಒತ್ತಿ ಹಿಡಿಯಿರಿ. ಏಳನೇ ಫ್ರೆಟ್ ಹತ್ತಿರ ತೆಳುವಾದ ವಿಸಿಟಿಂಗ್ ಕಾರ್ಡ್ ತೂರುವಷ್ಟು, ಅಂದರೆ ಸುಮಾರು 0.25 ಮಿಮೀ ಸಂದು ಇರಬೇಕು. ಅದಕ್ಕಿಂತ ಜಾಸ್ತಿ ಇದ್ದರೆ ಟ್ರಸ್ ರಾಡ್ (ನೆಕ್ ಒಳಗಿನ, ಬಾಗು ಸರಿಮಾಡುವ ಕಂಬಿ) ಬಿಗಿ ಮಾಡಿ. ಒಂದು ಸಲಕ್ಕೆ ಕಾಲು ಸುತ್ತು, ಅಷ್ಟೇ. ಗಟ್ಟಿ ಅನಿಸಿದರೆ ಅಲ್ಲೇ ನಿಲ್ಲಿಸಿ. ನಿಮ್ಮ ಕಡೆ ಮಳೆಗಾಲ ಅಂದರೆ ಗೊತ್ತಲ್ವಾ, ಮರ ತೇವ ಹೀರಿಕೊಂಡು ನೆಕ್ ಸ್ವಲ್ಪ ಬಾಗುವುದು ಸಹಜ.

ಆಮೇಲೆ ನಟ್. ನುಣುಪಾದ ಉಪ್ಪುಕಾಗದವನ್ನು ಮಡಚಿ ಗಾಡಿಯೊಳಗೆ ಎಳೆಯಿರಿ, ಕೀ ಕಡೆಗೆ ಸ್ವಲ್ಪ ಇಳಿಜಾರು ಇರಲಿ. ನಾಲ್ಕು ಸಲ ಎಳೆದು ತಂತಿ ಕೂರಿಸಿ ನೋಡಿ, ಮತ್ತೆ ನಾಲ್ಕು ಸಲ. ಕೊನೆಗೆ ಪೆನ್ಸಿಲ್ ಸೀಸ ತುಂಬಿ, ತಂತಿ ಜಾರುತ್ತದೆ. ಇಡೀ ಕೆಲಸದಲ್ಲಿ ಇದೇ ಸೂಕ್ಷ್ಮದ ಭಾಗ, ಅವಸರ ಬೇಡ.

ಸಾಗರದ_ತಂತಿ:
ಅಣ್ಣ, ‘ಟಿಕ್’ ಅನ್ನುವುದು ಬಂತು! ಜಿ ತಂತಿಯಲ್ಲಿ ಸ್ಪಷ್ಟವಾಗಿ ಕೇಳಿಸಿತು. ಒಂದನೇ ಫ್ರೆಟ್ ಮೇಲೆ ಮೂರು ಕಾಗದ ಹೋಗುವಷ್ಟು ಸಂದು ಇದೆ. ಭಾನುವಾರ ಕೂತು ಮಾಡುತ್ತೇನೆ. ಗುಂಯ್ ಸದ್ದಿಗೆ ಏನು ಮಾಡಲಿ? ಅದಕ್ಕಾದರೂ ಪಿಕಪ್ ಬೇಕೇ ಬೇಕಾ?

ಸೋಲ್ಡರ್_ಪೇಟೆ:
ಇದಕ್ಕೆ ನಾನು ಉತ್ತರ ಕೊಡುತ್ತೇನೆ. ಸಿಂಗಲ್ ಕಾಯಿಲ್ ಅಂದಮೇಲೆ ಸ್ವಲ್ಪ ಗುಂಯ್ ಇದ್ದೇ ಇರುತ್ತದೆ. ನಮ್ಮ ಕರೆಂಟಿನ 50 ಹರ್ಟ್ಸ್ ಕಂಪನವನ್ನು ಆ ಸುರುಳಿ ಹಿಡಿದುಕೊಳ್ಳುತ್ತದೆ. ದುಬಾರಿ ಗಿಟಾರ್‌ನಲ್ಲೂ ಹಾಗೇ. ಎರಡು ಸುರುಳಿ ಎದುರುಬದುರು ಸುತ್ತಿ ಅದನ್ನು ಕಳೆಯುವುದಕ್ಕೆಂದೇ ಹಂಬಕರ್ ಅನ್ನುವ ಪಿಕಪ್ ಬಂದದ್ದು.

ಈಗ ಪರೀಕ್ಷೆ. ಸದ್ದು ಬರುತ್ತಿರುವಾಗ ತಂತಿ ಮುಟ್ಟಿ. ಕಡಿಮೆಯಾದರೆ ಗ್ರೌಂಡ್ ವೈರ್ ಸರಿ ಇದೆ, ಒಳಗೆ ಶೀಲ್ಡಿಂಗ್ (ಹೊರಗಿನ ಸದ್ದು ತಡೆಯುವ ಲೋಹದ ಹೊದಿಕೆ) ಇಲ್ಲ ಅಷ್ಟೇ. ಏನೂ ಬದಲಾಗದಿದ್ದರೆ ಗ್ರೌಂಡ್ ವೈರ್ ಬಿಟ್ಟಿದೆ. ಹಿಂದಿನ ಪ್ಲಾಸ್ಟಿಕ್ ಮುಚ್ಚಳ ತೆಗೆಯಿರಿ. ಸ್ಪ್ರಿಂಗ್‌ಗಳನ್ನು ಹಿಡಿದಿರುವ ತಗಡಿಗೆ ಒಂದು ವೈರ್ ಬೆಸುಗೆ ಆಗಿರಬೇಕು. ಕೇಬಲ್ ಕಳಚಿ, ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು, ಒಂದು ಮುಳ್ಳು ತಂತಿಗೆ, ಇನ್ನೊಂದು ಜ್ಯಾಕ್‌ನ ಹೊರಭಾಗಕ್ಕೆ ಮುಟ್ಟಿಸಿ. ಬೀಪ್ ಬರಬೇಕು. ಬೆಸುಗೆ ಹಾಕಬೇಕಾದರೆ 60 ವ್ಯಾಟ್ ಕಬ್ಬಿಣ (ಸೋಲ್ಡರಿಂಗ್ ಐರನ್) ತಗೊಳ್ಳಿ. 25 ವ್ಯಾಟಿನದಕ್ಕೆ ಆ ದಪ್ಪ ತಗಡು ಬಿಸಿಯಾಗುವುದೇ ಇಲ್ಲ, ಬೆಸುಗೆ ಹಿಡಿಯುವುದಿಲ್ಲ. ಬೆಂಗಳೂರಿಗೆ ಬಂದರೆ ಎಸ್.ಪಿ. ರಸ್ತೆಯಲ್ಲಿ ಇದೆಲ್ಲ ಸಿಗುತ್ತದೆ.

ಇನ್ನೊಂದು ಮಾತು, ದಯವಿಟ್ಟು ಗಮನ ಕೊಡಿ. ಆಂಪ್‌ನ ಮೂರು ಪಿನ್ ಪ್ಲಗ್ಗನ್ನು ಎರಡು ಪಿನ್ ಸಾಕೆಟ್ಟಿಗೆ ಯಾವತ್ತೂ ಹಾಕಬೇಡಿ. ನಿಮ್ಮ ತಂತಿಗಳು ಕೇಬಲ್ ಮೂಲಕ ಆಂಪ್‌ನ ಅರ್ಥಿಂಗ್‌ಗೆ ಸೇರಿವೆ. ಆಂಪ್ ಒಳಗೆ ಏನಾದರೂ ಕೆಟ್ಟು, ಗೋಡೆಯಲ್ಲಿ ಅರ್ಥಿಂಗ್ ಇಲ್ಲದಿದ್ದರೆ ಕರೆಂಟ್ ನಿಮ್ಮ ಬೆರಳಿಗೇ ಬರುತ್ತದೆ. ಹಳೇ ಮನೆಗಳಲ್ಲಿ ಎಲೆಕ್ಟ್ರಿಷಿಯನ್ ಕೈಲಿ ಒಮ್ಮೆ ನೋಡಿಸುವುದು ಒಳ್ಳೆಯದು.

ಹಳೇ_ಫ್ರೆಟ್:
ಪಿಕಪ್ ಬಗ್ಗೆ ನನ್ನದೂ ಒಂದು ಮಾತು. ಸದ್ದು ಕೀರಲು ಅನಿಸಿದರೆ ಮೊದಲು ಪಿಕಪ್‌ನ ಎರಡು ಬದಿಯ ಸ್ಕ್ರೂ ಸಡಿಲಿಸಿ ಒಂದೆರಡು ಮಿಮೀ ಕೆಳಗಿಳಿಸಿ ನೋಡಿ. ಖರ್ಚು ಏನೂ ಇಲ್ಲ. ಮುಂದೆ ಬ್ರಿಡ್ಜ್ ಬದಲಿಸುವ ಆಸೆ ಬಂದರೆ ಅಳೆಯದೆ ಆರ್ಡರ್ ಮಾಡಬೇಡಿ. ಹೊರಗಿನ ಎರಡು ಸ್ಕ್ರೂಗಳ ನಡುವೆ 52.5 ಮಿಮೀ ಇರುವುದೂ ಉಂಟು, 56ರ ಹತ್ತಿರ ಇರುವುದೂ ಉಂಟು. ಕಡಿಮೆ ಬೆಲೆಯ ಗಿಟಾರ್‌ಗಳ ಬಾಡಿ ತೆಳುವಾಗಿದ್ದರೆ ಬ್ರಿಡ್ಜ್ ಕೆಳಗಿನ ದೊಡ್ಡ ಲೋಹದ ಬ್ಲಾಕ್ ಹಿಂದಿನಿಂದ ಹೊರಗೆ ಬಂದುಬಿಡುತ್ತದೆ. ಟ್ಯೂನರ್ ತೂತನ್ನೂ ಅಳೆಯಿರಿ. ನಾನು ಒಮ್ಮೆ ಅಳೆಯದೆ ತರಿಸಿದ ಬ್ರಿಡ್ಜ್ ಇನ್ನೂ ಡ್ರಾಯರ್‌ನಲ್ಲೇ ಇದೆ.

ಸಾಗರದ_ತಂತಿ:
ಭಾನುವಾರದ ವರದಿ. ತಂತಿ ಮುಟ್ಟಿದರೆ ಸದ್ದಿನಲ್ಲಿ ಬದಲಾವಣೆ ಇರಲಿಲ್ಲ. ಮುಚ್ಚಳ ತೆಗೆದರೆ ಕಪ್ಪು ವೈರ್ ತಗಡಿನಿಂದ ಕಿತ್ತುಬಂದು ಗಾಳಿಯಲ್ಲಿ ನೇತಾಡುತ್ತಿತ್ತು! ಗೆಳೆಯನ ಕಬ್ಬಿಣ ತಂದು ಬೆಸುಗೆ ಹಾಕಿದೆ, ಬೀಪ್ ಬಂತು. ಗುಂಯ್ ಮುಕ್ಕಾಲು ಭಾಗ ಹೋಯಿತು.

ನಟ್‌ನಲ್ಲಿ ಬಿ ತಂತಿಯ ಗಾಡಿ ಸ್ವಲ್ಪ ಜಾಸ್ತಿ ಇಳಿದುಹೋಗಿದೆ. ಒತ್ತದೆ ಮೀಟಿದರೆ ಜುಂಯ್ ಅನ್ನುತ್ತದೆ. ಉಳಿದ ಐದೂ ಸೊಗಸಾಗಿವೆ. ಎಫ್ ಕಾರ್ಡ್ ಹಿಡಿದಾಗ ಮೊದಲ ಸಲ ಆರೂ ತಂತಿ ಒಟ್ಟಿಗೆ ನುಡಿದವು. ಅರ್ಧ ಗಂಟೆ ಅದನ್ನೇ ಬಾರಿಸಿದೆ. ಬಿ ತಂತಿಗೆ ನಟ್ ಹೊಸದೇ ಹಾಕಬೇಕಾ?

ಹಳೇ_ಫ್ರೆಟ್:
ಬೇಡ. ಆ ಗಾಡಿಗೆ ಒಂದು ಚಿಟಿಕೆ ಅಡುಗೆ ಸೋಡಾ ತುಂಬಿ, ಸೂಪರ್ ಗ್ಲೂ ಒಂದು ಹನಿ ಬಿಡಿ. ತಕ್ಷಣ ಕಲ್ಲಿನಂತೆ ಗಟ್ಟಿಯಾಗುತ್ತದೆ. ಅಕ್ಕಪಕ್ಕಕ್ಕೆ ಹರಿಯದ ಹಾಗೆ ಟೇಪ್ ಅಂಟಿಸಿರಿ. ಚೆನ್ನಾಗಿ ಒಣಗಿದ ಮೇಲೆ ಮತ್ತೆ ಗಾಡಿ ತೆಗೆಯಿರಿ, ಈ ಸಲ ಎರಡೆರಡೇ ಎಳೆತ.

ಅದು ಮುಗಿದ ಮೇಲೆ ಬ್ರಿಡ್ಜ್ ಕಡೆ ಬನ್ನಿ. 12ನೇ ಫ್ರೆಟ್‌ನಲ್ಲಿ ಹಾರ್ಮೋನಿಕ್ (ತಂತಿಯನ್ನು ಒತ್ತದೆ ಬೆರಳು ತಾಗಿಸಿ ಮೀಟುವ ಸ್ವರ) ನುಡಿಸಿ, ಆಮೇಲೆ ಅಲ್ಲೇ ಒತ್ತಿ ನುಡಿಸಿ. ಒತ್ತಿದ ಸ್ವರ ಮೇಲಿದ್ದರೆ ಸ್ಯಾಡಲ್ (ಬ್ರಿಡ್ಜ್ ಮೇಲೆ ಆ ತಂತಿ ಕೂರುವ ತುಂಡು) ಹಿಂದಕ್ಕೆ, ಕೆಳಗಿದ್ದರೆ ಮುಂದಕ್ಕೆ. ಆರೂ ತಂತಿಗೆ ಮಾಡಿ, ಏನಾಯಿತು ಅಂತ ಬರೆಯಿರಿ. 5,000 ಹಾಗೇ ಇರಲಿ, ಈ ತಿಂಗಳು ತಂತಿಗೆ ಬಿಟ್ಟು ಬೇರೇನಕ್ಕೂ ಬೇಕಾಗುವುದಿಲ್ಲ.