ಈ ಚಳಿಯಲ್ಲಿ ಬೆಳಿಗ್ಗೆ ಏಳೋದು ಹೇಗೆ?

ಪ್ರಶ್ನೆ: ಹಾಸನದಲ್ಲಿ ಬ್ಯಾಂಕ್ ಕೆಲಸ. ವಾಕಿಂಗ್‌ಗೆ ಅಂತ 5.30ಕ್ಕೆ ಅಲಾರಂ ಇಡುತ್ತೇನೆ. ಬಡಿದಾಗ ರಗ್ಗಿನಿಂದ ಒಂದು ಕೈ ಮಾತ್ರ ಹೊರಗೆ ಬರುತ್ತದೆ, ಆಫ್ ಮಾಡಿ ಮತ್ತೆ ಒಳಗೆ. ಶೂ ತಂದು ಮೂರು ತಿಂಗಳಾಯ್ತು, ಅಡಿಯ ಸ್ಟಿಕ್ಕರ್ ಕೂಡ ಸವೆದಿಲ್ಲ. ನೀವೆಲ್ಲ ಹೇಗೆ ಏಳುತ್ತೀರಿ?

ಉತ್ತರ: ಫೋನನ್ನು ಅಡುಗೆಮನೆಯಲ್ಲಿಡಿ. ಆಫ್ ಮಾಡಲು ಎದ್ದು ಹೋಗಲೇಬೇಕು, ಅಲ್ವಾ? ನಾನು ಹೋದವನೇ ಬಿಸಿನೀರಿಗಿಡುತ್ತೇನೆ. ಸ್ವೆಟರ್, ಸಾಕ್ಸ್ ರಾತ್ರಿಯೇ ಕುರ್ಚಿ ಮೇಲೆ. ಮೊದಲ ವಾರ ಮಹಾರಾಜ ಪಾರ್ಕಿನಲ್ಲಿ ಒಂದೇ ಸುತ್ತು, ಅಷ್ಟೇ.

ಇನ್ನೊಂದು ಉತ್ತರ: ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ. ಐದು ದಿನ ಅರ್ಧ ಗಂಟೆ ಬಿರುಸಾಗಿ ನಡೆದರೆ ಆಯ್ತು. ಸಂಜೆಯಾದರೂ ನಡೆಯುತ್ತೆ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಕೇಳಿದವರು: ಇವತ್ತು ಹೋಗಿದ್ದೆ ಸಾರ್! ಮಂಜಲ್ಲಿ ಮಂಕಿಕ್ಯಾಪ್ ಹಾಕಿ ಎದುರಿಗೆ ಬಂದವರು ನಮ್ಮ ಮ್ಯಾನೇಜರ್. "ನಾಳೆನೂ ಬನ್ನಿ" ಅಂದರು.