ಫೋಟೋದಲ್ಲಿ ಲುಬ್ಧಕಕ್ಕೆ (ಸಿರಿಯಸ್ ನಕ್ಷತ್ರ) ನಾಲ್ಕು ಸ್ಪೈಕ್ (ಸುತ್ತ ಚಾಚುವ ಬೆಳಕಿನ ಗೆರೆ) ಬರಬೇಕಲ್ಲ, ಇದೆಂಥದ್ದು?

ಕುಂಬಳೆ:
150 ಮಿ.ಮೀ. ಎಫ್/5 ನ್ಯೂಟೋನಿಯನ್ (ಕನ್ನಡಿಯ ಟೆಲಿಸ್ಕೋಪ್), ನಾಲ್ಕು ಪಟ್ಟಿಯ ಸ್ಪೈಡರ್ (ಚಿಕ್ಕ ಕನ್ನಡಿಯನ್ನು ಟ್ಯೂಬಿನ ಬಾಯಿಯಲ್ಲಿ ಹಿಡಿದಿರುವ ಚೌಕಟ್ಟು), ಡಿಎಸ್‌ಎಲ್‌ಆರ್, 60 ಸೆಕೆಂಡಿನ ಫ್ರೇಮುಗಳು. ಲುಬ್ಧಕದಲ್ಲಿ ಒಂದು ಜೊತೆ ಸ್ಪೈಕ್ ಸರಿ ಉಂಟು, ಅಡ್ಡದ್ದು ಮಾತ್ರ ಎರಡಾಗಿ ಸೀಳಿದೆ. ಮಧ್ಯೆ ಮಸುಕಾಗಿ ಇನ್ನೂ ಆರು ಗೆರೆ. ಅಗಸ್ತ್ಯನಿಗಂತೂ (ಕ್ಯಾನೋಪಸ್ ನಕ್ಷತ್ರ) ಕೆಲವು ಫ್ರೇಮಿನಲ್ಲಿ ಗೆರೆಗಳ ಲೆಕ್ಕವೇ ಇಲ್ಲ. ಕನ್ನಡಿ ಬಿಚ್ಚಬೇಕಾ?

ಪೆರ್ಲ:
ಕನ್ನಡಿಗೆ ಈಗಲೇ ಕೈ ಹಾಕಬೇಡಿ ಮಾರಾಯ್ರೆ. ಮೊದಲು ಸೀಳಿದ ಸ್ಪೈಕನ್ನು ಹಿಗ್ಗಿಸಿ ನೋಡಿ. ಗೆರೆಗಳು ಸಮಾನಾಂತರವಾಗಿ ನಕ್ಷತ್ರದ ಇಕ್ಕೆಲದಲ್ಲಿ ಹಾದಿದ್ದರೆ ಫೋಕಸ್ ತಪ್ಪಿದೆ ಎಂದರ್ಥ. ಆದರೆ ಆಗ ಎರಡೂ ಜೊತೆ ಸೀಳಬೇಕಿತ್ತು. ನಿಮ್ಮದು ನಕ್ಷತ್ರದ ನಡುವಿನಲ್ಲೇ ಕತ್ತರಿಯ ಹಾಗೆ ದಾಟಿರಬೇಕು. ಪ್ರತಿ ಪಟ್ಟಿಯೂ ತನಗೆ ಲಂಬವಾಗಿ ಎರಡೂ ಕಡೆಗೆ ಸ್ಪೈಕ್ ಬಿಡುತ್ತದೆ. ಎದುರುಬದುರಿನ ಪಟ್ಟಿಗಳು ನೇರವಾಗಿದ್ದರೆ ಅವು ಒಂದರ ಮೇಲೊಂದು ಕೂರುತ್ತವೆ. 1 ಡಿಗ್ರಿ ವಾರೆಯಾದರೆ ಸ್ಪೈಕುಗಳೂ 1 ಡಿಗ್ರಿ ಅಗಲುತ್ತವೆ. ಟ್ಯೂಬಿನ ಬಾಯಿಗೆ ಅಡ್ಡಲಾಗಿ ನೂಲು ಎಳೆದು ಕಟ್ಟಿ, ಯಾವ ಪಟ್ಟಿ ವಾರೆ ಎಂದು ನೋಡಿ. ಹೊರಗಿನ ಸ್ಕ್ರೂ ಒಂದು ಕಡೆ ಸಡಿಲಿಸಿದಷ್ಟೇ ಎದುರಿನದ್ದನ್ನು ಬಿಗಿ ಮಾಡಿ. ಆಮೇಲೆ ಕಾಲಿಮೇಷನ್ (ಕನ್ನಡಿಗಳನ್ನು ಒಂದೇ ನೇರಕ್ಕೆ ಹೊಂದಿಸುವುದು) ಕಡ್ಡಾಯ.

ಬದಿಯಡ್ಕ:
ಆ ಆರು ಗೆರೆ ಕನ್ನಡಿ ಹಿಡಿದಿರುವ ಮೂರು ಕ್ಲಿಪ್ಪುಗಳದ್ದು. ಕಪ್ಪು ರಟ್ಟಿನಲ್ಲಿ 144 ಮಿ.ಮೀ. ಒಳವ್ಯಾಸದ ಬಳೆ ಕತ್ತರಿಸಿ ಕ್ಲಿಪ್ಪುಗಳ ಮೇಲೆ ಕೂರಿಸಿ. ಕ್ಲಿಪ್ ಅದಕ್ಕಿಂತ ಒಳಗೆ ಚಾಚಿದ್ದರೆ ಬಳೆಯನ್ನೂ ಅಷ್ಟು ಕಿರಿದು ಮಾಡಿ. 144ಕ್ಕೆ ಹೋಗುವುದು ಶೇ. 8ರಷ್ಟು ಬೆಳಕು, ಚಿಂತೆ ಇಲ್ಲ. ಒಳ ಅಂಚು ಮಾತ್ರ ನುಣ್ಣಗಿರಲಿ, ಬ್ಲೇಡಿನ ಕಚ್ಚು ಉಳಿದರೆ ಅದೇ ಹೊಸ ಗೆರೆ ಹುಟ್ಟಿಸುತ್ತದೆ. ಸಣ್ಣ ನಕ್ಷತ್ರಗಳೂ ತ್ರಿಕೋನವಾಗಿ ಕಂಡರೆ ಕ್ಲಿಪ್ ಕನ್ನಡಿಯನ್ನು ಒತ್ತುತ್ತಿದೆ. ನಡುವೆ ಒಂದು ಕಾಗದ ಸಲೀಸಾಗಿ ಜಾರುವಷ್ಟು ಸಡಿಲ ಮಾಡಿ.

ಕುಂಬಳೆ:
ಸಣ್ಣವು ಗುಂಡಗೇ ಉಂಟು. ಆದರೆ ಒಂದು ಗೆರೆ ಒಂದೇ ಕಡೆಗೆ ಹೋಗಿದೆ.

ಪೆರ್ಲ:
ಒಂಟಿ ಗೆರೆ ಹೆಚ್ಚಾಗಿ ಪ್ರತಿಫಲನ. ಸ್ಪೈಕ್ ಆದರೆ ಎರಡೂ ಕಡೆ ಚಾಚುತ್ತದೆ. ಫೋಕಸರ್ (ಕ್ಯಾಮೆರಾ ಕೂರುವ) ಕೊಳವೆಯ ಹೊಳೆಯುವ ತುದಿ, ಚಿಕ್ಕ ಕನ್ನಡಿಯ ಅಂಚು ಇವಕ್ಕೆ ಮ್ಯಾಟ್ ಕಪ್ಪು ಬಳಿಯಿರಿ. ಸಂಶಯವಿದ್ದರೆ ಕ್ಯಾಮೆರಾ 30 ಡಿಗ್ರಿ ತಿರುಗಿಸಿ ಇನ್ನೊಂದು ಫ್ರೇಮ್ ತೆಗೆಯಿರಿ: ಗೆರೆ ಚಿತ್ರದಲ್ಲಿ ತಿರುಗಿದರೆ ಟ್ಯೂಬಿನದ್ದು, ಕದಲದಿದ್ದರೆ ಕ್ಯಾಮೆರಾದ್ದು.

ಮಂಜೇಶ್ವರ:
ಅಗಸ್ತ್ಯನ ವಿಷಯಕ್ಕೆ ಟೆಲಿಸ್ಕೋಪನ್ನು ಬೈಯಬೇಡಿ. ನಮ್ಮಲ್ಲಿ ಅದು ಅತಿ ಮೇಲೇರಿದಾಗಲೂ ದಕ್ಷಿಣದಲ್ಲಿ ಸುಮಾರು 25 ಡಿಗ್ರಿ ಎತ್ತರ ಅಷ್ಟೆ, ತೋಟದ ತೆಂಗಿನ ಗರಿಯ ಮಟ್ಟ. ಗರಿಯ ಒಂದೊಂದು ಎಲೆಯೂ ಒಂದೊಂದು ಪಟ್ಟಿಯ ಕೆಲಸ ಮಾಡುತ್ತದೆ, ಗಾಳಿಗೆ ಅಲುಗಿದಂತೆ ದಿಕ್ಕೂ ಬದಲು. ಸ್ಟ್ಯಾಕ್ ಮಾಡುವ (ಫ್ರೇಮುಗಳನ್ನು ಸೇರಿಸಿ ಒಂದೇ ಚಿತ್ರ ಮಾಡುವ) ಮೊದಲು ಬಿಡಿ ಫ್ರೇಮುಗಳನ್ನು ಒಂದೊಂದಾಗಿ ನೋಡಿ ಅಂಥವನ್ನು ಕಿತ್ತು ಹಾಕಿ, ಇಲ್ಲವೇ ಸ್ಟ್ಯಾಂಡನ್ನು ಗದ್ದೆಯ ಬದಿಗೆ ಒಯ್ಯಿರಿ.