ಸಹಾಯ ಬೇಕು: ಹೆಪಟೈಟಿಸ್ ಬಿ ಇರುವವರಿಗೆ ಮೀನೆಣ್ಣೆ ಕೊಡಬಹುದೇ?

ಬಸವನಗುಡಿಯಲ್ಲಿರುವ ನನ್ನ ತಂದೆಯವರಿಗೆ ಬಹುಕಾಲದಿಂದ ಹೆಪಟೈಟಿಸ್ ಬಿ ಸೋಂಕಿದೆ. ಟೆನೊಫೊವಿರ್ ಮಾತ್ರೆಯನ್ನು ದಿನವೂ ತಪ್ಪದೆ ಸೇವಿಸುತ್ತಿರುವುದರಿಂದ ವೈರಸ್ ಪ್ರಮಾಣ ಪತ್ತೆಯಾಗದ ಮಟ್ಟಕ್ಕೆ ಇಳಿದಿದೆಯಾದರೂ, ಫೈಬ್ರೊಸ್ಕ್ಯಾನ್‌ನಲ್ಲಿ ಯಕೃತ್ತು ಗಡುಸಾಗಿರುವುದು ಕಂಡುಬಂದಿದೆ, ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಕಣಗಳ ಎಣಿಕೆಯೂ ಕಡಿಮೆಯಿದೆ. ಇದರ ನಡುವೆ ಟ್ರೈಗ್ಲಿಸರೈಡ್ (ರಕ್ತದಲ್ಲಿನ ಒಂದು ಬಗೆಯ ಕೊಬ್ಬು) ಏರಿದ್ದನ್ನು ಕೇಳಿ ಬಂಧುಗಳೊಬ್ಬರು ಎರಡು ಬಗೆಯ ಕ್ಯಾಪ್ಸೂಲ್ ತಂದುಕೊಟ್ಟಿದ್ದಾರೆ.

ಒಂದು ಕಾಡ್ ಮೀನಿನ ಯಕೃತ್ತಿನ ಎಣ್ಣೆ. ಅದರಲ್ಲಿರುವ ಎ ವಿಟಮಿನ್ ದೇಹದಲ್ಲಿ ಅತಿಯಾದರೆ ಯಕೃತ್ತಿಗೇ ಹಾನಿಯಾಗುವುದರಿಂದ ಅದನ್ನು ಬದಿಗಿಟ್ಟೆವು. ಇದನ್ನೂ ಸಾಮಾನ್ಯ ಮೀನೆಣ್ಣೆಯನ್ನೂ ಒಂದೇ ಎಂಬಂತೆ ಮಾರುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಇನ್ನೊಂದು ಸಾಮಾನ್ಯ ಮೀನೆಣ್ಣೆ: 1000 ಮಿ.ಗ್ರಾಂ. ಕ್ಯಾಪ್ಸೂಲಿನಲ್ಲಿ ಒಮೆಗಾ-3 ಕೊಬ್ಬಿನಾಮ್ಲಗಳಾದ ಇಪಿಎ 180, ಡಿಎಚ್‌ಎ 120 ಮಿ.ಗ್ರಾಂ. ಎಂದು ಹಿಂಬದಿಯ ಸಣ್ಣ ಅಕ್ಷರಗಳಲ್ಲಿದೆ.

ಔಷಧ ಅಂಗಡಿಯವರು ಧೈರ್ಯವಾಗಿ ಕೊಡಿ ಎಂದರು, ಕುಟುಂಬ ವೈದ್ಯರು ಯಕೃತ್ ತಜ್ಞರನ್ನೇ ಕೇಳಿ ಎಂದರು, ತಜ್ಞರ ಭೇಟಿಗೆ ಇನ್ನೂ ಕಾಯಬೇಕಾಗಿದೆ. ಮೀನೆಣ್ಣೆ ವೈರಸ್‌ಗೆ ಮದ್ದಲ್ಲ ಎಂಬುದು ನನಗೆ ಗೊತ್ತು. ಆದರೆ ಟ್ರೈಗ್ಲಿಸರೈಡ್ ಇಳಿಸಲು ವೈದ್ಯರು ಬರೆಯುವ ಒಮೆಗಾ-3 ಪ್ರಮಾಣ ದಿನಕ್ಕೆ 2ರಿಂದ 4 ಗ್ರಾಂ ಇರುತ್ತದೆ. ಅಷ್ಟನ್ನು ಈ ಕ್ಯಾಪ್ಸೂಲಿನಿಂದ ಪಡೆಯಲು ಕನಿಷ್ಠ ಏಳು ನುಂಗಬೇಕು. ಪ್ಲೇಟ್‌ಲೆಟ್ ಕಡಿಮೆಯಿರುವವರಿಗೆ ಅಷ್ಟು ಪ್ರಮಾಣದಿಂದ ರಕ್ತಸ್ರಾವದ ಅಪಾಯ ಹೆಚ್ಚುವುದೇ ಎಂಬಲ್ಲಿಗೆ ಬಂದು ನಿಂತಿದ್ದೇನೆ. ತಜ್ಞರನ್ನು ಕಾಣುವವರೆಗೆ ಯಾವುದನ್ನೂ ಆರಂಭಿಸುವುದಿಲ್ಲ.

ಇಂಥದೇ ಸ್ಥಿತಿಯಲ್ಲಿ ನಿಮ್ಮ ಮನೆಯವರಿಗೆ ತಜ್ಞರು ಮೀನೆಣ್ಣೆಯನ್ನು ಒಪ್ಪಿದ್ದರೇ, ಒಪ್ಪಿದ್ದರೆ ಎಷ್ಟು ಪ್ರಮಾಣದಲ್ಲಿ, ಮತ್ತು ಮೊದಲು ಯಾವ ರಕ್ತಪರೀಕ್ಷೆಗಳನ್ನು ಮಾಡಿಸಿದರು ಎಂಬುದನ್ನು ದಯವಿಟ್ಟು ತಿಳಿಸುವಿರಾ?